ಕೇಡು ಒಂದೆಡೆ, ಕೂಗು ಇನ್ನೊಂದೆಡೆ

ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಯ ಒಂದು ಕಾಲು ಬಿಳಿಚಿಕೊಂಡು, ಕಂಬದಂತೆ ಊದಿ, ಮುಟ್ಟಿದರೆ ಚೀರುವಷ್ಟು ನೋಯುವುದುಂಟು. 18ನೇ ಶತಮಾನದ ಯುರೋಪಿನ ವೈದ್ಯರು ಇದಕ್ಕೆ ಬಲು ಸರಳವಾದ ಕಾರಣ ಹೇಳುತ್ತಿದ್ದರು: ಮೊಲೆಯಲ್ಲಿ ತುಂಬಿಕೊಳ್ಳಬೇಕಾದ ಹಾಲು ದಾರಿ ತಪ್ಪಿ ಕಾಲಿಗೆ ಇಳಿದಿದೆ! ಇಂಗ್ಲಿಷಿನಲ್ಲಿ ಈ ಕಾಯಿಲೆಗೆ ‘ಹಾಲುಗಾಲು’ ಎಂಬ ಅರ್ಥ ಕೊಡುವ ಹೆಸರೇ ಇತ್ತು. ವಾಸ್ತವವಾಗಿ ಅಲ್ಲಿ ಆಗುತ್ತಿದ್ದುದು ಬೇರೆ. ಕಾಲಿನ ಆಳದಲ್ಲಿರುವ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿ, ಮೇಲಕ್ಕೆ ಹೋಗಬೇಕಾದ ರಕ್ತ ಅಲ್ಲೇ ನಿಂತುಬಿಡುತ್ತಿತ್ತು. ಈ ತಿಳಿವಳಿಕೆ ಬಂದದ್ದು 19ನೇ ಶತಮಾನದಲ್ಲಿ.

ಆದರೆ ಹೆರಿಗೆಯೂ ಆಗದ, ಗಾಯವೂ ಇಲ್ಲದ ಜನರಿಗೆ ಇದೇ ರೀತಿ ಕಾಲು ಊದುವುದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟವರು ಪ್ಯಾರಿಸ್ಸಿನ ಒತೆಲ್ ದಿಯೋ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಆರ್ಮಾಂ ಟ್ರೂಸೋ. 1865ರಲ್ಲಿ ಅಚ್ಚಾದ ತಮ್ಮ ಉಪನ್ಯಾಸದಲ್ಲಿ ಅವರು ಒಂದು ವಿಚಿತ್ರ ಸಂಗತಿಯನ್ನು ವೈದ್ಯ ವಿದ್ಯಾರ್ಥಿಗಳ ಮುಂದಿಟ್ಟರು. ರೋಗಿ ಸೊರಗುತ್ತಿದ್ದಾನೆ, ಕಾರಣ ಗೊತ್ತಾಗುತ್ತಿಲ್ಲ ಎನ್ನುವಾಗ ಕಾಲಿನಲ್ಲೋ ತೋಳಿನಲ್ಲೋ ಹೀಗೆ ರಕ್ತ ಹೆಪ್ಪುಗಟ್ಟಿದರೆ, ಒಳಗೆಲ್ಲೋ ಕ್ಯಾನ್ಸರ್ ಅವಿತಿದೆ ಎಂದು ಶಂಕಿಸಬೇಕು ಎಂಬುದು ಅವರ ಮಾತಿನ ಸಾರ. 1867ರ ಹೊಸ ವರ್ಷದ ದಿನ ಅವರ ತೋಳಿನಲ್ಲೇ ಅಂಥ ಹೆಪ್ಪು ಕಾಣಿಸಿಕೊಂಡಿತು. ತನ್ನ ಕಥೆ ಮುಗಿಯಿತೆಂದು ಟ್ರೂಸೋ ಶಿಷ್ಯನಿಗೆ ಹೇಳಿದರಂತೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಅವರು ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ತಾನು ಬರೆದ ಪಾಠ ತನಗೇ ಅನ್ವಯವಾದ ಇಂಥ ಉದಾಹರಣೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅಪರೂಪ. ಈ ಲಕ್ಷಣಕ್ಕೆ ಇಂದಿಗೂ ಅವರದೇ ಹೆಸರು.

ಟ್ರೂಸೋ ಸತ್ತದ್ದು ಹೊಟ್ಟೆಯ ಗೆಡ್ಡೆಯಿಂದಾದರೂ ಅವರು ಹೇಳಿದ ಮಾತು ಹೆಂಗಸರ ಜನನಾಂಗದ ಕ್ಯಾನ್ಸರುಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಹಲವು ಬಗೆ. ಅವುಗಳಲ್ಲಿ ‘ಕ್ಲಿಯರ್ ಸೆಲ್’ ಎಂಬ ಬಗೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದವುಗಳಿಗಿಂತ ಹೆಚ್ಚು. ಅಂಡಾಶಯದಲ್ಲಿ ಏನೋ ಇದೆ ಎಂದು ಗೊತ್ತಾಗುವ ಮೊದಲೇ ಕಾಲು ಊದಿಕೊಂಡು, ಇಲ್ಲವೇ ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗಿ ಉಸಿರು ಸಿಕ್ಕಿಕೊಂಡು, ಕೆಲವೊಮ್ಮೆ ಲಕ್ವ ಹೊಡೆದು ಆಸ್ಪತ್ರೆ ಸೇರಿದ ಹೆಂಗಸರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವು ಪೆದ್ದುತನಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ದೇಹವೇ ಒಮ್ಮೊಮ್ಮೆ ಹಾಗೆ ಮಾಡುತ್ತದೆ. ಕೇಡು ಕಿಬ್ಬೊಟ್ಟೆಯಲ್ಲಿ, ಕೂಗು ಕಾಲಿನಲ್ಲಿ, ಚರ್ಮದಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ.

ಇಂಥ ಲಕ್ಷಣಗಳಿಗೆ ವೈದ್ಯರು ಇಟ್ಟಿರುವ ಹೆಸರು ‘ಪ್ಯಾರಾನಿಯೋಪ್ಲಾಸ್ಟಿಕ್ ಸಿಂಡ್ರೋಮ್’. ನಾಲಿಗೆ ಹೊರಳದ ಹೆಸರು, ನಿಜ. ಗ್ರೀಕಿನಲ್ಲಿ ‘ಪ್ಯಾರಾ’ ಎಂದರೆ ಪಕ್ಕದ್ದು, ಜೊತೆಗಿರುವುದು. ‘ನಿಯೋಪ್ಲಾಸಂ’ ಎಂದರೆ ಹೊಸ ಬೆಳವಣಿಗೆ, ಅಂದರೆ ಗೆಡ್ಡೆ. ಗೆಡ್ಡೆಯ ನೆರಳಿನಲ್ಲಿ ಬರುವ ಕಾಯಿಲೆ ಎಂದು ಹೇಳಿಕೊಳ್ಳಬಹುದು. 1949ರಲ್ಲಿ ಗಿಶಾರ್ ಮತ್ತು ವಿನ್ಯೋಂ ಎಂಬ ಇಬ್ಬರು ಫ್ರೆಂಚ್ ವೈದ್ಯರು ಈ ಪದವನ್ನು ಬಳಕೆಗೆ ತಂದರು. ಅವರು ಆಗ ಚರ್ಚಿಸುತ್ತಿದ್ದುದು ಗರ್ಭಕೋಶದ ಕ್ಯಾನ್ಸರ್ ಇದ್ದು, ನರಗಳೂ ಕೆಟ್ಟಿದ್ದ ರೋಗಿಯೊಬ್ಬಳ ವಿಷಯವನ್ನು. ಸ್ವಾರಸ್ಯವೆಂದರೆ, ಆಕೆಯ ನರಗಳಿಗೆ ಕ್ಯಾನ್ಸರ್ ನೇರವಾಗಿಯೇ ಹರಡಿತ್ತು. ಹಾಗೆ ಹರಡದೆಯೂ ನರ ಕೆಡಬಹುದಲ್ಲ, ಅದನ್ನು ಏನೆಂದು ಕರೆಯೋಣ ಎಂಬ ಯೋಚನೆಯಲ್ಲಿ ಹುಟ್ಟಿದ ಮಾತು ಇದು.

ಈ ವ್ಯತ್ಯಾಸ ಮುಖ್ಯ. ಕ್ಯಾನ್ಸರ್ ಮಿದುಳಿಗೆ ಹರಡಿ ತಲೆನೋವು ಬಂದರೆ ಅದು ಪ್ಯಾರಾನಿಯೋಪ್ಲಾಸ್ಟಿಕ್ ಅಲ್ಲ. ಗೆಡ್ಡೆ ಮೂತ್ರನಾಳವನ್ನು ಒತ್ತಿ ಉಚ್ಚೆ ಕಟ್ಟಿದರೆ ಅದೂ ಅಲ್ಲ. ಗೆಡ್ಡೆ ತನ್ನ ಜಾಗದಲ್ಲೇ ಇದ್ದುಕೊಂಡು, ತಾನು ಮುಟ್ಟದ ಅಂಗವನ್ನು ಕೆಡಿಸುವುದು ಇದರ ಗುಣ. ಅದು ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು, ಗೆಡ್ಡೆಯೇ ಹಾರ್ಮೋನಿನಂಥ ವಸ್ತುವನ್ನು ರಕ್ತಕ್ಕೆ ಬಿಡುವುದು. ಇನ್ನೊಂದು, ಗೆಡ್ಡೆಯ ಮೇಲೆ ದಾಳಿಗೆ ಹೊರಟ ನಮ್ಮದೇ ರೋಗನಿರೋಧಕ ಸೇನೆ ದಾರಿಯಲ್ಲಿ ಸಿಕ್ಕ ಸ್ವಂತ ಅಂಗವನ್ನೇ ಶತ್ರುವೆಂದು ಭಾವಿಸುವುದು.

ಮೊದಲನೆಯ ದಾರಿಗೆ ಒಂದು ಉದಾಹರಣೆ ಸಾಕು. ಅಂಡಾಶಯದಲ್ಲಿ ಬರುವ, ಬಹಳ ಅಪರೂಪದ, ಬಹಳ ಕ್ರೂರವಾದ ಒಂದು ಸಣ್ಣಕೋಶದ ಕ್ಯಾನ್ಸರ್ ಇದೆ. 1982ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರು ಅದನ್ನು ಬೇರೆಯಾಗಿ ಗುರುತಿಸಿದರು. ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೇ ಅದು ಹೆಚ್ಚಾಗಿ ಬರುವುದು. ರೋಗಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಯ ರಕ್ತದಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಮಿತಿಮೀರಿರುತ್ತದೆ. ಕ್ಯಾಲ್ಸಿಯಂ ಏರಿದರೆ ನೀರಡಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು. ಮೇಲ್ನೋಟಕ್ಕೆ ಸಕ್ಕರೆ ಕಾಯಿಲೆಯೆಂದೋ ಗ್ಯಾಸ್ಟ್ರಿಕ್ ಎಂದೋ ಅನಿಸುವಂಥವು. ಗೆಡ್ಡೆಯೊಂದು ಹಾರ್ಮೋನನ್ನು ಹೋಲುವ ವಸ್ತುವನ್ನು ತಯಾರಿಸಿ ಮೂಳೆಯಿಂದ ಸುಣ್ಣವನ್ನು ಎಳೆಯುತ್ತಿರಬಹುದು ಎಂದು ಬಾಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಊಹಿಸಿದ್ದರು. ಆ ವಸ್ತು ಕೈಗೆ ಸಿಕ್ಕಿದ್ದು 46 ವರ್ಷಗಳ ನಂತರ, 1987ರಲ್ಲಿ.

ಎರಡನೆಯ ದಾರಿಯ ಕಥೆ ಇನ್ನೂ ದೊಡ್ಡದು, ಇನ್ನೂ ವಿಚಿತ್ರವಾದದ್ದು.

ನಮ್ಮ ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲ್ಗಡೆ, ಕಿರುಮಿದುಳು ಇದೆ. ಲೋಟವನ್ನು ತುಳುಕಿಸದೆ ಬಾಯಿಗೆ ಒಯ್ಯುವುದು, ಸೂಜಿಗೆ ದಾರ ಪೋಣಿಸುವುದು, ಮೆಟ್ಟಿಲಿಳಿಯುವಾಗ ಕಾಲು ಲೆಕ್ಕ ತಪ್ಪದಿರುವುದು ಎಲ್ಲವೂ ಅದರ ಉಸ್ತುವಾರಿ. ಐವತ್ತು ಅರವತ್ತರ ವಯಸ್ಸಿನ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿ. ಮೊದಲು ತಲೆಸುತ್ತು, ವಾಕರಿಕೆ. ಪಿತ್ತವೆಂದು ನಿಂಬೆರಸ ಕುಡಿಯುತ್ತಾಳೆ. ಒಂದೆರಡು ವಾರದಲ್ಲಿ ನಡಿಗೆ ವಾಲಾಡತೊಡಗುತ್ತದೆ. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗದು. ಮಾತು ತೊದಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಕೈಯಲ್ಲಿನ ಅನ್ನದ ತುತ್ತು ಬಾಯಿಗೆ ಹೋಗದೆ ಕೆನ್ನೆಗೆ ತಾಗುತ್ತದೆ. ಬೀದಿಯಲ್ಲಿ ಕಂಡವರು ಕುಡಿದಿದ್ದಾಳೆಂದೇ ತಿಳಿದಾರು. ಕೆಲವೇ ವಾರ, ಹೆಚ್ಚೆಂದರೆ ಕೆಲವು ತಿಂಗಳೊಳಗೆ ಹಾಸಿಗೆ ಹಿಡಿಯುವ ಸ್ಥಿತಿ. ತಲೆಯ ಸ್ಕ್ಯಾನ್ ತೆಗೆಸಿದರೆ ಆರಂಭದಲ್ಲಿ ಅಲ್ಲಿ ಏನೂ ಕಾಣುವುದಿಲ್ಲ. ಇಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ತಮಗೆ ಕ್ಯಾನ್ಸರ್ ಇದೆಯೆಂಬುದೇ ತಿಳಿದಿರುವುದಿಲ್ಲ.

ಡಚ್ ನರತಜ್ಞ ಬರ್ನಾರ್ಡಸ್ ಬ್ರೌವರ್ 1919ರಷ್ಟು ಹಿಂದೆಯೇ ಹೀಗೆ ಕಿರುಮಿದುಳು ಸವೆದ ರೋಗಿಯ ವಿವರ ಬರೆದಿಟ್ಟಿದ್ದರು. ಕ್ಯಾನ್ಸರಿಗೂ ಈ ಸವೆತಕ್ಕೂ ಸಂಬಂಧವಿರಬಹುದು ಎಂದು ಅವರೂ ಬೀಮಂಡ್ ಎಂಬುವರೂ ಸೇರಿ ವಾದಿಸಿದ್ದು 1938ರಲ್ಲಿ. ಸೂಕ್ಷ್ಮದರ್ಶಕದಡಿ ನೋಡಿದರೆ ಕಿರುಮಿದುಳಿನ ಉಳಿದ ಜೀವಕೋಶಗಳು ಹೆಚ್ಚುಕಡಿಮೆ ಇದ್ದಂತೆಯೇ ಇದ್ದು, ಪುರ್ಕಿನ್ಯೆ ಕೋಶಗಳು ಎಂಬ ಒಂದು ಜಾತಿ ಮಾತ್ರ ಸಾಲುಸಾಲಾಗಿ ಮಾಯವಾಗಿರುತ್ತಿತ್ತು. ಕವಲೊಡೆದ ಮರದಂತೆ ಕಾಣುವ ಈ ಚೆಲುವಾದ ಕೋಶಗಳನ್ನು ಝೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 1837ರಲ್ಲಿ ಬಣ್ಣಿಸಿದ್ದರು. ಕಿರುಮಿದುಳಿನ ಹೊರಪದರ ಹೊರಡಿಸುವ ಆಜ್ಞೆಯೆಲ್ಲ ಇವುಗಳ ಮೂಲಕವೇ ಹೋಗಬೇಕು. ಎಲ್ಲೋ ಅಂಡಾಶಯದಲ್ಲಿರುವ ಗೆಡ್ಡೆಗೆ ಇವುಗಳ ಮೇಲೇ ಏಕೆ ಕಣ್ಣು? ವಿಷವೇ, ವೈರಸ್ಸೇ, ಪೌಷ್ಟಿಕಾಂಶದ ಕೊರತೆಯೇ ಎಂದು ದಶಕಗಟ್ಟಲೆ ತರ್ಕ ನಡೆಯಿತು.

1983ರಲ್ಲಿ ಅಮೆರಿಕದ ಜಾನ್ ಗ್ರೀನ್‌ಲೀ ಮತ್ತು ರಾಬರ್ಟ್ ಬ್ರಷಿಯರ್, ಅಂಡಾಶಯದ ಕ್ಯಾನ್ಸರ್ ಇದ್ದು ಕಿರುಮಿದುಳು ಕೆಟ್ಟಿದ್ದ ಹೆಂಗಸರ ರಕ್ತದಲ್ಲಿ ಒಂದು ಪ್ರತಿಕಾಯವನ್ನು ಕಂಡರು. ಪ್ರತಿಕಾಯ ಎಂದರೆ ರೋಗಾಣುಗಳನ್ನು ಹಿಡಿಯಲು ದೇಹ ತಯಾರಿಸುವ ವಸ್ತು. ಇದು ಹೋಗಿ ಅಂಟಿಕೊಳ್ಳುತ್ತಿದ್ದುದು ಮಾತ್ರ ಪುರ್ಕಿನ್ಯೆ ಕೋಶಗಳಿಗೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಜೆರೋಮ್ ಪೋಸ್ನರ್ ತಂಡ ಇದರ ಬೆನ್ನು ಹತ್ತಿತು. ರೋಗಿಯ ಉಪನಾಮದ ಮೊದಲ ಎರಡು ಅಕ್ಷರ ತೆಗೆದುಕೊಂಡು ಪ್ರತಿಕಾಯಕ್ಕೆ ಹೆಸರಿಡುವುದು ಆ ತಂಡದ ಪದ್ಧತಿ. ಹಾಗೆ ಈ ಪ್ರತಿಕಾಯಕ್ಕೆ ಬಂದ ಹೆಸರು ‘ಯೋ’. ಯಾರೋ ಒಬ್ಬ ಹೆಂಗಸಿನ ಹೆಸರಿನ ತುಣುಕು ಇಂದು ಜಗತ್ತಿನ ಪ್ರಯೋಗಾಲಯಗಳ ವರದಿಯಲ್ಲಿ ಅಚ್ಚಾಗುತ್ತಿದೆ. 1992ರಲ್ಲಿ ಈ ತಂಡ 55 ರೋಗಿಗಳ ವಿವರವನ್ನು ಒಟ್ಟಿಗೆ ಪ್ರಕಟಿಸಿತು. ಯೋ ಪ್ರತಿಕಾಯ ಸಿಕ್ಕರೆ ರೋಗಿ ಬಹುತೇಕ ಹೆಂಗಸೇ, ಗೆಡ್ಡೆ ಇರುವುದು ಬಹುತೇಕ ಅಂಡಾಶಯ, ಗರ್ಭನಾಳ, ಗರ್ಭಕೋಶ ಇಲ್ಲವೇ ಸ್ತನದಲ್ಲೇ.

ಒಳಗಿನ ವ್ಯವಹಾರ ಹೀಗೆ: ಪುರ್ಕಿನ್ಯೆ ಕೋಶದಲ್ಲಿರುವ ಕೆಲವು ಪ್ರೋಟೀನುಗಳನ್ನು ಅಂಡಾಶಯದ ಗೆಡ್ಡೆಯೂ ತಯಾರಿಸುತ್ತದೆ. ಮಿದುಳಿಗೆ ತನ್ನದೇ ಕೋಟೆಗೋಡೆ ಇರುವುದರಿಂದ ರೋಗನಿರೋಧಕ ಕೋಶಗಳಿಗೆ ಅಲ್ಲಿನ ಪ್ರೋಟೀನುಗಳ ಪರಿಚಯ ಅಷ್ಟಾಗಿ ಇರುವುದಿಲ್ಲ. ಅದೇ ಪ್ರೋಟೀನು ಹೊಟ್ಟೆಯ ಗೆಡ್ಡೆಯಲ್ಲಿ ಕಂಡಾಗ ಅವು ಇದು ಪರಕೀಯ ಎಂದು ತೀರ್ಮಾನಿಸಿ ಕಾಳಗಕ್ಕೆ ಇಳಿಯುತ್ತವೆ. ಗೆಡ್ಡೆಗೆ ಪೆಟ್ಟು ಬೀಳುತ್ತದೆ. ಆಮೇಲೆ ಅದೇ ಗುರುತು ಹಿಡಿದು ಮಿದುಳಿನೊಳಕ್ಕೂ ನುಗ್ಗುತ್ತವೆ. ಪ್ರತಿಕಾಯಕ್ಕಿಂತ ಹೆಚ್ಚಾಗಿ ಕೊಲ್ಲುವ ಕೆಲಸ ಮಾಡುವುದು ‘ಟಿ’ ಕೋಶಗಳೆಂಬ ಬಿಳಿ ರಕ್ತಕಣಗಳು ಎನ್ನುವುದು ಈಗಿನ ನಂಬಿಕೆ. ಅಂಥ ಕೋಶಗಳು ಈ ರೋಗಿಗಳ ರಕ್ತದಲ್ಲಿ ಇವೆ ಎಂದು ನ್ಯೂಯಾರ್ಕಿನ ರಾಬರ್ಟ್ ಡಾರ್ನೆಲ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಯಾವ ಪ್ರೋಟೀನು ಮುಖ್ಯ ಗುರಿ ಎಂಬ ಬಗ್ಗೆ ಮಾತ್ರ ವಿಜ್ಞಾನಿಗಳೂ ಬಹುಕಾಲ ಬೇರೆ ಮನೆಯ ಬಾಗಿಲು ತಟ್ಟಿದ್ದರು. ಮೂರು ದಶಕ ನಂಬಿದ್ದ ಪ್ರೋಟೀನಲ್ಲ, ಅದರ ಹತ್ತಿರದ ಸಂಬಂಧಿ ಇನ್ನೊಂದು ಎಂದು ನಾರ್ವೆಯ ಬರ್ಗನ್ನಿನ ಸಂಶೋಧಕರು 2019ರಲ್ಲಿ ತಿದ್ದಿದರು.

ಇಲ್ಲಿರುವ ವ್ಯಂಗ್ಯವನ್ನು ಗಮನಿಸಿ. ಈ ಹೆಂಗಸರ ದೇಹ ಕ್ಯಾನ್ಸರಿಗೆ ಶರಣಾಗಿ ಕುಳಿತಿಲ್ಲ. ಉಳಿದವರ ದೇಹ ಗುರುತಿಸಲಾಗದ ಶತ್ರುವನ್ನು ಅದು ಬೇಗನೆ ಗುರುತಿಸಿ ಹೊಡೆಯುತ್ತಿದೆ. ಹಾಗಾಗಿಯೇ ಎಷ್ಟೋ ಬಾರಿ ಗೆಡ್ಡೆ ತೀರ ಚಿಕ್ಕದಾಗಿರುತ್ತದೆ, ಹುಡುಕಿದರೂ ಸಿಗದಷ್ಟು. ಕ್ಯಾನ್ಸರ್ ತಜ್ಞರು ಪ್ರಯೋಗಾಲಯದಲ್ಲಿ ಸಾಧಿಸಲು ಒದ್ದಾಡುತ್ತಿರುವುದನ್ನು ಈ ದೇಹಗಳು ತಾವಾಗಿಯೇ ಮಾಡಿವೆ. ಅದಕ್ಕೆ ತೆತ್ತ ಬೆಲೆ ಮಾತ್ರ ಕಿರುಮಿದುಳು. ಸತ್ತ ಪುರ್ಕಿನ್ಯೆ ಕೋಶ ಮತ್ತೆ ಹುಟ್ಟುವುದಿಲ್ಲ. ಗೆಡ್ಡೆ ತೆಗೆದರೂ, ಸ್ಟಿರಾಯ್ಡ್ ಕೊಟ್ಟರೂ, ಹೋದ ನಡಿಗೆ ಹಿಂತಿರುಗುವುದು ಅಪರೂಪ. ಬೇಗ ಚಿಕಿತ್ಸೆ ಆರಂಭಿಸಿದರೆ ಉಳಿದಷ್ಟನ್ನು ಉಳಿಸಿಕೊಳ್ಳಬಹುದು ಎನ್ನುವುದಷ್ಟೇ ಭರವಸೆ. ತಲೆಸುತ್ತಿಗೆ ಮಾತ್ರೆ ನುಂಗುತ್ತ ಕಳೆಯುವ ಒಂದೊಂದು ವಾರಕ್ಕೂ ಇಲ್ಲಿ ಲೆಕ್ಕವಿದೆ.

ಅಂಡಾಶಯ ಮಿದುಳನ್ನು ಕೆಡಿಸುವ ಇನ್ನೊಂದು ಕಥೆಯೂ ಇದೆ. ಇದರ ಕೊನೆ ಅಷ್ಟು ಕಹಿಯಲ್ಲ. ಅಂಡಾಶಯದಲ್ಲಿ ‘ಟೆರಟೋಮ’ ಎಂಬ ಗೆಡ್ಡೆ ಬೆಳೆಯುವುದುಂಟು. ಗ್ರೀಕಿನ ‘ತೆರಾಸ್’, ಅಂದರೆ ರಾಕ್ಷಸಾಕಾರ, ಎಂಬುದರಿಂದ ಬಂದ ಹೆಸರು. ಕೊಯ್ದು ನೋಡಿದರೆ ಒಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು! ಅಂಡಾಣುವಿನ ಮೂಲಕೋಶಕ್ಕೆ ದೇಹದ ಯಾವ ಭಾಗವನ್ನಾದರೂ ರೂಪಿಸುವ ಶಕ್ತಿ ಇರುವುದರಿಂದ ಹೀಗಾಗುತ್ತದೆ. ಇದು ಬಹುಪಾಲು ಕ್ಯಾನ್ಸರ್ ಅಲ್ಲ, ನಿರಪಾಯದ ಗೆಡ್ಡೆ. ಸ್ಕ್ಯಾನ್ ಮಾಡುವಾಗ ಆಕಸ್ಮಿಕವಾಗಿ ಕಾಣುವಂಥದ್ದು. ಆದರೆ ಅದರೊಳಗೆ ಒಮ್ಮೊಮ್ಮೆ ನರದ ಅಂಗಾಂಶವೂ ಇರುತ್ತದೆ. ತೊಂದರೆ ಹುಟ್ಟುವುದು ಅಲ್ಲಿಂದ.

2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸ್ಪೇನ್ ಮೂಲದ ನರತಜ್ಞ ಜೋಸೆಪ್ ದಲ್ಮಾವ್ ಮತ್ತು ಸಹೋದ್ಯೋಗಿಗಳು ನಾಲ್ವರು ಯುವತಿಯರ ವಿವರ ಪ್ರಕಟಿಸಿದರು. ನಾಲ್ವರಿಗೂ ಹಠಾತ್ತನೆ ಬುದ್ಧಿಭ್ರಮೆ, ನೆನಪು ಕಳೆದುಕೊಳ್ಳುವುದು, ಉಸಿರಾಟ ನಿಧಾನವಾಗುವುದು. ನಾಲ್ವರಲ್ಲೂ ಅಂಡಾಶಯದ ಟೆರಟೋಮ. 2007ರಲ್ಲಿ ದಲ್ಮಾವ್ ತಂಡ ಇಂಥ 12 ಹೆಂಗಸರ ರಕ್ತ ಮತ್ತು ಬೆನ್ನುಹುರಿಯ ನೀರನ್ನು ಪರೀಕ್ಷಿಸಿ, ಮಿದುಳಿನ ನರಕೋಶದ ಮೇಲ್ಮೈಯಲ್ಲಿರುವ ‘ಎನ್‌ಎಂಡಿಎ’ ಗ್ರಾಹಕ ಎಂಬ ಅಣುವಿಗೆ ವಿರುದ್ಧವಾದ ಪ್ರತಿಕಾಯ ಇದೆಯೆಂದು ತೋರಿಸಿತು. ಕಲಿಯುವುದಕ್ಕೆ, ನೆನಪಿಟ್ಟುಕೊಳ್ಳುವುದಕ್ಕೆ ಈ ಗ್ರಾಹಕ ಬೇಕೇಬೇಕು.

ರೋಗದ ನಡೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಮೊದಲು ನೆಗಡಿ, ಜ್ವರ, ತಲೆನೋವು. ಕೆಲವು ದಿನದ ಬಳಿಕ ನಿದ್ದೆಯಿಲ್ಲ, ವಿಪರೀತ ಮಾತು, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ, ಕಾಣದ್ದು ಕಾಣುವುದು. ಆಮೇಲೆ ಫಿಟ್ಸ್. ಬಾಯಿ, ನಾಲಿಗೆ ತಮಗೆ ತಾವೇ ಆಡುತ್ತವೆ, ಮುಖ ಸೊಟ್ಟಗಾಗುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಕೊನೆಗೆ ಮಾತೂ ಇಲ್ಲ, ಚಲನೆಯೂ ಇಲ್ಲ. ಉಸಿರಾಟಕ್ಕೆ ಯಂತ್ರ ಹಾಕಬೇಕಾಗಬಹುದು. ಮೊದಲ ವಾರದಲ್ಲಿ ಇಂಥ ಹುಡುಗಿಯನ್ನು ಕಂಡ ನಮ್ಮೂರಿನ ಹಿರಿಯರು ಏನು ಹೇಳಿಯಾರು? ಗಾಳಿ ಸೋಕಿದೆ, ಮೋಹಿನಿ ಹಿಡಿದಿದೆ ಎಂದೇ ಅಲ್ಲವೇ? ಮೈಮೇಲೆ ದೆವ್ವ ಬಂದಿದೆ ಎಂದು ನಂಬಿದವರನ್ನು ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಕರೆತರುವ ವಾಡಿಕೆ ಹಳೆಯದು. ದೇವರ ಸನ್ನಿಧಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆಗಳಿಂದ ಪ್ರತಿಕಾಯ ಇಳಿಯುವುದಿಲ್ಲ. ಇದು ನಮ್ಮಲ್ಲಿ ಮಾತ್ರದ ನಂಬಿಕೆಯೆಂದು ನಾಚಬೇಕಿಲ್ಲ. ಹಿಂದಿನ ಕಾಲದ ಯುರೋಪಿನ ದೆವ್ವಹಿಡಿದವರ ವರ್ಣನೆಗಳನ್ನು ಓದಿ, ಅವರಲ್ಲಿ ಕೆಲವರಿಗಾದರೂ ಇದೇ ಕಾಯಿಲೆ ಇದ್ದಿರಬೇಕೆಂದು ಶಂಕಿಸುವ ನರತಜ್ಞರಿದ್ದಾರೆ. ಸತ್ತವರ ರಕ್ತ ಪರೀಕ್ಷೆ ಸಾಧ್ಯವಿಲ್ಲದ್ದರಿಂದ ಅದು ಊಹೆಯಾಗಿಯೇ ಉಳಿಯಬೇಕು.

ಆಸ್ಪತ್ರೆಗೆ ಹೋದರೂ ದಾರಿ ತಪ್ಪಬಹುದು. 2009ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರ ವರದಿಗಾರ್ತಿ, 24 ವರ್ಷದ ಸುಸಾನಾ ಕಹಲನ್, ಇದೇ ರೋಗಕ್ಕೆ ತುತ್ತಾದರು. ಕುಡಿತ ಬಿಟ್ಟದ್ದರ ಪರಿಣಾಮ, ಕೆಲಸದ ಒತ್ತಡ, ಮನೋರೋಗ ಎಂದೆಲ್ಲ ವೈದ್ಯರು ಹೇಳಿದರು. ಕೊನೆಗೆ ಸೌಹೆಲ್ ನಜ್ಜಾರ್ ಎಂಬ ನರತಜ್ಞರು ಆಕೆಯ ಕೈಗೆ ಕಾಗದ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಆಕೆ ಒಂದರಿಂದ ಹನ್ನೆರಡರವರೆಗಿನ ಎಲ್ಲ ಅಂಕಿಗಳನ್ನೂ ಬಲ ಅರ್ಧದಲ್ಲೇ ತುರುಕಿದ್ದರು. ಮಿದುಳಿನ ಬಲಭಾಗ ಉರಿಯುತ್ತಿದೆ, ಇದು ಮನಸ್ಸಿನ ಕಾಯಿಲೆಯಲ್ಲ ಎಂದು ಅದರಿಂದ ಹೊಳೆಯಿತು. ಆಕೆಯ ಅಂಡಾಶಯದಲ್ಲಿ ಗೆಡ್ಡೆ ಸಿಗಲಿಲ್ಲ. ಗೆಡ್ಡೆಯಿಲ್ಲದೆಯೂ ಈ ರೋಗ ಬರುತ್ತದೆ. ಗುಣವಾಗಿ ಕೆಲಸಕ್ಕೆ ಮರಳಿದ ಆಕೆ 2012ರಲ್ಲಿ ಅನುಭವವನ್ನು ಪುಸ್ತಕವಾಗಿ ಬರೆದರು. ತನಗೆ ನೆನಪೇ ಇಲ್ಲದ ಒಂದು ತಿಂಗಳನ್ನು ಆಸ್ಪತ್ರೆಯ ಕಡತ, ವಿಡಿಯೊ, ಅಪ್ಪನ ದಿನಚರಿಗಳಿಂದ ಹೆಕ್ಕಿ, ಬೇರೆ ಯಾರದೋ ಸುದ್ದಿಯೆಂಬಂತೆ ವರದಿ ಮಾಡಿದ್ದಾರೆ. ಪತ್ರಿಕಾವೃತ್ತಿಯಲ್ಲಿರುವವರಿಗೆ ಇದಕ್ಕಿಂತ ಕಷ್ಟದ ಅಸೈನ್‌ಮೆಂಟ್ ಸಿಗಲಾರದು. ಅಂದಹಾಗೆ, ಬರ್ಲಿನ್ ಮೃಗಾಲಯದಲ್ಲಿ 2011ರಲ್ಲಿ ನೀರಿಗೆ ಬಿದ್ದು ಸತ್ತ ಹಿಮಕರಡಿ ಕ್ನೂಟ್‌ಗೂ ಇದೇ ಕಾಯಿಲೆ ಇತ್ತೆಂದು 2015ರಲ್ಲಿ ಗೊತ್ತಾಯಿತು.

ಕಿರುಮಿದುಳು ಕಳೆದುಕೊಂಡವರು ಏಳುವುದಿಲ್ಲ, ಇವರು ಏಳುತ್ತಾರೆ. ಏಕೆ? ಯೋ ರೋಗದಲ್ಲಿ ಕೋಶವೇ ಸಾಯುತ್ತದೆ. ಇಲ್ಲಿ ಪ್ರತಿಕಾಯ ಕೋಶದ ಹೊರಗಿನ ಗ್ರಾಹಕವನ್ನು ಮಾತ್ರ ಒಳಕ್ಕೆ ಎಳೆದು ಮುಚ್ಚಿಸುತ್ತದೆ, ಕೋಶ ಬದುಕಿರುತ್ತದೆ. ಮನೆ ಸುಟ್ಟುಹೋಗುವುದಕ್ಕೂ ಕರೆಂಟು ಹೋಗುವುದಕ್ಕೂ ಇರುವ ವ್ಯತ್ಯಾಸ ಇದು. ಗೆಡ್ಡೆಯಿದ್ದರೆ ತೆಗೆದು, ಸ್ಟಿರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಕೊಟ್ಟು, ಅಥವಾ ರಕ್ತದ ಪ್ಲಾಸ್ಮಾ ಬದಲಿಸಿ ಪ್ರತಿಕಾಯವನ್ನು ಇಳಿಸಿದರೆ ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ, ಎರಡು ವರ್ಷದವರೆಗೆ ಗಮನಿಸಿದಾಗ ಸುಮಾರು ಶೇ 80ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಅವರಲ್ಲಿ ಹೆಂಗಸರ ಪಾಲೂ ಶೇ 80ರ ಆಸುಪಾಸು. ಬೇಗ ಚಿಕಿತ್ಸೆ ಸಿಕ್ಕವರ ಸ್ಥಿತಿ ಹೆಚ್ಚು ಚೆನ್ನಾಗಿತ್ತು. ತೀರ ಅಪರೂಪವೆಂದು ತಳ್ಳಿಹಾಕುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ, 30 ವರ್ಷದೊಳಗಿನವರ ಮಿದುಳಿನ ಉರಿಯೂತಕ್ಕೆ ಯಾವುದೇ ಒಂದು ವೈರಸ್ಸಿಗಿಂತ ಇದೇ ಹೆಚ್ಚಾಗಿ ಕಾರಣವಾಗಿತ್ತೆಂದು 2012ರಲ್ಲಿ ವರದಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ತಾವು ಕಂಡ ರೋಗಿಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಮನೋರೋಗ, ನರರೋಗ ಎರಡೂ ಒಂದೇ ಆವರಣದಲ್ಲಿರುವ ಆಸ್ಪತ್ರೆಯ ಪ್ರಯೋಜನ ಇಂಥ ಕಾಯಿಲೆಗಳಲ್ಲಿ ತಿಳಿಯುತ್ತದೆ.

ಚರ್ಮ, ಕೀಲುಗಳ ಕಡೆಯಿಂದಲೂ ಸುಳಿವು ಬರುತ್ತದೆ. ‘ಡರ್ಮಟೋಮಯೋಸೈಟಿಸ್’ ಎಂಬ ಕಾಯಿಲೆಯಲ್ಲಿ ಮೇಲ್ರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿ ಊದುತ್ತವೆ, ಬೆರಳ ಗೆಣ್ಣುಗಳ ಮೇಲೆ ಗಂಧೆಗಳೇಳುತ್ತವೆ. ಪುಸ್ತಕಗಳಲ್ಲಿರುವ ಚಿತ್ರ ಬಿಳಿ ತೊಗಲಿನದು. ನಮ್ಮ ಮೈಬಣ್ಣದಲ್ಲಿ ಅದು ಕೆಂಪಾಗಿ ಕಾಣದೆ ಕಪ್ಪು ಛಾಯೆಯಾಗಿ ಕಾಣುವುದರಿಂದ ಬಂಗು, ಬಿಸಿಲಿನ ಕಪ್ಪು ಎಂದುಕೊಂಡು ಕ್ರೀಮು ಹಚ್ಚುವುದೇ ಹೆಚ್ಚು. ಜೊತೆಗೆ ತೋಳು, ತೊಡೆಗಳ ಬಲ ಕುಗ್ಗುತ್ತದೆ. ಅಟ್ಟದ ಮೇಲಿನ ಡಬ್ಬಿ ಇಳಿಸಲಾಗದು, ತಲೆ ಬಾಚಿಕೊಳ್ಳಲಾಗದು, ನೆಲದಿಂದ ಏಳಲು ಮೊಣಕಾಲಿಗೆ ಕೈಯೂರಬೇಕು. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡುಗಳ 618 ರೋಗಿಗಳ ದಾಖಲೆಯನ್ನು ಜೋಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 198 ಮಂದಿಗೆ ಕ್ಯಾನ್ಸರ್ ಇತ್ತು. ಅಂಡಾಶಯದ ಕ್ಯಾನ್ಸರ್ ಅಂತೂ ಸಾಮಾನ್ಯ ಜನರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಇನ್ನೊಂದು ಬಗೆಯಲ್ಲಿ ಅಂಗೈಯ ಒಳಪೊರೆ ಮರದಂತೆ ಗಟ್ಟಿಯಾಗಿ, ಬೆರಳು ಮಡಚಿಕೊಂಡು, ಭುಜ ಹಿಡಿದುಕೊಳ್ಳುತ್ತದೆ. ರೊಟ್ಟಿ ತಟ್ಟಲು ಅಂಗೈ ಬಿಚ್ಚಿಕೊಳ್ಳುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಹೀಗಾದರೆ ಅಂಡಾಶಯವನ್ನು ನೋಡಬೇಕೆಂದು 1982ರಲ್ಲೇ ಅಮೆರಿಕದ ವೈದ್ಯರು ಎಚ್ಚರಿಸಿದ್ದರು. ಗರ್ಭಕೋಶ, ಅಂಡಾಶಯದ ಕ್ಯಾನ್ಸರ್ ಇದ್ದವರ ಎರಡೂ ಕಣ್ಣು ಒಟ್ಟಿಗೆ ಮಂಜಾಗುವ ಅಪರೂಪದ ರೋಗಗಳೂ ಇವೆ.

ಇಷ್ಟು ಓದಿ ಯಾರೂ ಗಾಬರಿಯಾಗಬೇಕಿಲ್ಲ. ತಲೆಸುತ್ತು ಬಂದವರಿಗೆಲ್ಲ, ಭುಜ ಹಿಡಿದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಕ್ಯಾನ್ಸರ್ ರೋಗಿಗಳಲ್ಲೇ ನರಕ್ಕೆ ಸಂಬಂಧಿಸಿದ ಈ ತೊಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೂ ಇದನ್ನು ಬರೆಯಬೇಕಾದುದಕ್ಕೆ ಕಾರಣವಿದೆ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ನಂತರದ ಸ್ಥಾನ ಅಂಡಾಶಯದ್ದು. ವರ್ಷಕ್ಕೆ 45,000ಕ್ಕೂ ಹೆಚ್ಚು ಹೊಸ ರೋಗಿಗಳೆಂಬ ಅಂದಾಜಿದೆ. ಗರ್ಭಕೊರಳಿಗೆ ಇರುವಂಥ ಮುಂಚಿತ ತಪಾಸಣೆ ಇದಕ್ಕಿಲ್ಲ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಸೊಂಟನೋವು ಇವೇ ಅದರ ಲಕ್ಷಣ. ಇವನ್ನು ಹೇಳಿಕೊಂಡ ಹೆಂಗಸಿಗೆ ಮನೆಯಲ್ಲಿ ಸಿಗುವ ಉತ್ತರ ‘ವಯಸ್ಸಾಯಿತಲ್ಲ’ ಎಂದು. ಇನ್ನು ಕಾಲು ಊದಿದವಳು ಒಬ್ಬ ವೈದ್ಯರ ಬಳಿಗೆ, ತಲೆ ಸುತ್ತಿದವಳು ಇನ್ನೊಬ್ಬರ ಬಳಿಗೆ, ಮುಖ ಕಪ್ಪಿಟ್ಟವಳು ಚರ್ಮದ ವೈದ್ಯರ ಬಳಿಗೆ ಹೋಗುತ್ತಾಳೆ. ಅವರಲ್ಲಿ ಯಾರೂ ಕಿಬ್ಬೊಟ್ಟೆಯ ಮಾತೆತ್ತದಿದ್ದರೆ ಅವಳಾಗಿ ಎತ್ತುವುದಿಲ್ಲ, ಸಂಕೋಚ. ಕೆಲವೇ ವಾರದಲ್ಲಿ ಏರಿದ ತೊಂದರೆ, ಸಾಮಾನ್ಯ ಕಾರಣಗಳಿಗೆ ಹೊಂದದ ತೊಂದರೆ ಎಂದು ಕಂಡಾಗ ‘ಹೊಟ್ಟೆ ಹೇಗಿದೆಯಮ್ಮ, ಮುಟ್ಟು ನಿಂತ ಮೇಲೆ ರಕ್ತ ಹೋಯಿತೆ?’ ಎಂದು ಕೇಳುವುದಕ್ಕೆ ಯಂತ್ರವೇನೂ ಬೇಕಿಲ್ಲ.

ಶಂಕೆ ಬಂದ ಮೇಲಿನ ಹುಡುಕಾಟಕ್ಕೆ ಈಗ ಒಂದು ಕ್ರಮವಿದೆ. ರಕ್ತ ಮತ್ತು ಬೆನ್ನುಹುರಿಯ ನೀರಿನಲ್ಲಿ ಪ್ರತಿಕಾಯದ ಪರೀಕ್ಷೆ, ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್, ಸ್ತನದ ಮ್ಯಾಮೊಗ್ರಾಂ, ಎದೆ ಹೊಟ್ಟೆಗಳ ಸಿ.ಟಿ. ಸ್ಕ್ಯಾನ್, ಸಿಎ-125 ಎಂಬ ರಕ್ತಪರೀಕ್ಷೆ, ಬೇಕಾದರೆ ಪೆಟ್ ಸ್ಕ್ಯಾನ್. ಇಷ್ಟು ಮಾಡಿದರೂ ಯೋ ಪ್ರತಿಕಾಯವಿರುವ ಹೆಂಗಸಿನಲ್ಲಿ ಗೆಡ್ಡೆ ಸಿಗದೆ ಹೋಗಬಹುದು. ಶಸ್ತ್ರಕ್ರಿಯೆ ಮಾಡಿ ಕಣ್ಣಾರೆ ನೋಡಿದಾಗಷ್ಟೇ ಗರ್ಭನಾಳದ ತುದಿಯಲ್ಲಿ ಕಂಡ ಉದಾಹರಣೆಗಳಿವೆ. ಆಗಲೂ ಸಿಗದಿದ್ದರೆ ‘ನಿಮಗೆ ಏನೂ ಇಲ್ಲ’ ಎಂದು ಮನೆಗೆ ಕಳಿಸುವಂತಿಲ್ಲ. 2021ರಲ್ಲಿ ನರತಜ್ಞರ ಅಂತರರಾಷ್ಟ್ರೀಯ ತಂಡವೊಂದು ಒಪ್ಪಿದ ನಿಯಮದ ಪ್ರಕಾರ, ನಾಲ್ಕರಿಂದ ಆರು ತಿಂಗಳಿಗೊಮ್ಮೆ ಆಕೆಯನ್ನು ಮತ್ತೆ ಕರೆಸಿ, ಎರಡು ವರ್ಷ ಹುಡುಕುತ್ತಲೇ ಇರಬೇಕು.